ಕೇಳದೆ ಬರುವ ಬ್ರೌಸರ್: ತಂತ್ರಾಂಶ ನವೀಕರಣದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಸೇವೆಗಳಿಗಾಗಿ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರು ತಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದ ವಿವರಗಳನ್ನು ಬ್ರೌಸರ್ ಎಂಬ ತಂತ್ರಾಂಶದಲ್ಲಿಯೇ ನಮೂದಿಸುತ್ತಾರೆ. ಆದುದರಿಂದ ತಮ್ಮ ಗಣಕಯಂತ್ರದಲ್ಲಿ ಯಾವ ಯಾವ ಬ್ರೌಸರ್‌ಗಳಿವೆ, ಅವು ಹೇಗೆ ಬಂದವು ಎಂಬುದು ಅರ್ಜಿದಾರರಿಗೆ ತಿಳಿದಿರುವುದು ಅಗತ್ಯ. ಬೇರೊಂದು ತಂತ್ರಾಂಶದ ನವೀಕರಣದ ಹೆಸರಿನಲ್ಲಿ ಬ್ರೌಸರ್ ಒಳಬರುವ ಪದ್ಧತಿಯನ್ನು 2008ನೇ ಸಾಲಿನ ಒಂದು ಪ್ರಕರಣದ ಮೂಲಕ ಇಲ್ಲಿ ವಿವರಿಸಲಾಗಿದೆ.

ಅಮೆರಿಕದ ಆಪಲ್ ಸಂಸ್ಥೆಯು ಹಾಡು ಕೇಳಲು ಐಟ್ಯೂನ್ಸ್, ವಿಡಿಯೋ ನೋಡಲು ಕ್ವಿಕ್‌ಟೈಮ್ ಎಂಬ ತಂತ್ರಾಂಶಗಳನ್ನು ವಿಂಡೋಸ್ ಬಳಕೆದಾರರಿಗೂ ಉಚಿತವಾಗಿ ಒದಗಿಸುತ್ತಿತ್ತು. ಇವುಗಳೊಂದಿಗೆ, ಹೊಸ ಆವೃತ್ತಿ ಬಂದಾಗ ಸೂಚನೆ ನೀಡುವ ಒಂದು ಚಿಕ್ಕ ತಂತ್ರಾಂಶವೂ ಸ್ಥಾಪನೆಯಾಗುತ್ತಿತ್ತು. 2008ರ ಮಾರ್ಚ್ ತಿಂಗಳಲ್ಲಿ ಸದರಿ ಸಂಸ್ಥೆಯ ಸಫಾರಿ ಬ್ರೌಸರ್‌ನ 3.1 ಆವೃತ್ತಿ ಬಿಡುಗಡೆಯಾದಾಗ, ಈ ಸೂಚನೆಯ ಪಟ್ಟಿಯಲ್ಲಿ ಸಫಾರಿಯ ಹೆಸರೂ ಸೇರಿತು. ಸಫಾರಿಯನ್ನು ಎಂದೂ ಸ್ಥಾಪಿಸಿಕೊಳ್ಳದವರಿಗೂ ಅದು ಕಾಣಿಸಿತು. ಅದರ ಎದುರಿನ ಚೌಕದಲ್ಲಿ ಸರಿ ಗುರುತನ್ನು ಮೊದಲೇ ಹಾಕಲಾಗಿತ್ತು. ಎಂದಿನ ನವೀಕರಣವೆಂದು ತಿಳಿದು ಗುಂಡಿ ಒತ್ತಿದವರ ಗಣಕಯಂತ್ರದಲ್ಲಿ ಹೊಸದೊಂದು ಬ್ರೌಸರ್ ಬಂದು ಕುಳಿತಿತು. ಇಲ್ಲದ ವಸ್ತುವಿಗೆ ನವೀಕರಣವೆಂಬುದಿಲ್ಲ; ಅದು ಹೊಸ ಸ್ಥಾಪನೆಯೇ ಸರಿ.

ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾ ಸಂಸ್ಥೆಯ ಅಂದಿನ ಮುಖ್ಯಸ್ಥ ಜಾನ್ ಲಿಲ್ಲಿ ಅವರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಅವರು ಪ್ರತಿಸ್ಪರ್ಧಿ ಸಂಸ್ಥೆಯವರೆಂಬುದು ನಿಜ. ಆದರೂ ಅವರ ವಾದದಲ್ಲಿ ಹುರುಳಿತ್ತು. ನವೀಕರಣವೆಂದರೆ ಮುಖ್ಯವಾಗಿ ಭದ್ರತಾ ಲೋಪಗಳ ದುರಸ್ತಿ. ಜನರು ನಂಬಿಕೆಯಿಂದ ಅದನ್ನು ಸ್ವೀಕರಿಸುತ್ತಾರೆ. ಆ ನಂಬಿಕೆ ಕೆಟ್ಟರೆ ಜನರು ಅಗತ್ಯವಾದ ದುರಸ್ತಿಯನ್ನೂ ಮಾಡಿಕೊಳ್ಳುವುದಿಲ್ಲ. 2008ರ ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆಯು ನವೀಕರಣಗಳನ್ನು ಮತ್ತು ಹೊಸ ತಂತ್ರಾಂಶಗಳನ್ನು ಪ್ರತ್ಯೇಕ ಶೀರ್ಷಿಕೆಗಳಡಿ ತೋರಿಸಲಾರಂಭಿಸಿತು. ಸರಿ ಗುರುತು ಮಾತ್ರ ಹಾಗೆಯೇ ಉಳಿಯಿತು.

ಇದರಿಂದ ಹಾನಿಯೇನು, ಬೇಡವಾದರೆ ಬಳಸದಿದ್ದರಾಯಿತಲ್ಲ ಎಂದು ಕೆಲವರು ಕೇಳಬಹುದು. ಅದೇ ವರ್ಷದ ಮೇ ತಿಂಗಳಲ್ಲಿ ಇದಕ್ಕೆ ಉತ್ತರ ದೊರೆಯಿತು. ಸಫಾರಿಯು ಬಳಕೆದಾರರನ್ನು ಕೇಳದೆಯೇ ಜಾಲತಾಣಗಳಿಂದ ಕಡತಗಳನ್ನು ಡೆಸ್ಕ್‌ಟಾಪ್‌ಗೆ ಇಳಿಸಿಕೊಳ್ಳುತ್ತದೆಂದು ಪತ್ತೆಯಾಯಿತು. ವಿಂಡೋಸ್‌ನ ಇನ್ನೊಂದು ಲೋಪವೂ ಇದರೊಡನೆ ಸೇರಿದರೆ, ದುರುದ್ದೇಶದ ಕಡತವು ತಾನಾಗಿಯೇ ಚಾಲನೆಗೊಳ್ಳುವ ಸಂಭವವಿತ್ತು. ದಿನಾಂಕ 30.05.2008ರಂದು ಮೈಕ್ರೋಸಾಫ್ಟ್ ಸಂಸ್ಥೆಯು, ಸೂಕ್ತ ದುರಸ್ತಿ ದೊರೆಯುವವರೆಗೆ ವಿಂಡೋಸ್‌ನಲ್ಲಿ ಸಫಾರಿಯ ಬಳಕೆಯನ್ನು ಮಿತಿಗೊಳಿಸುವಂತೆ ಸಲಹೆ ನೀಡಿತು. ಜೂನ್‌ನಲ್ಲಿ 3.1.2 ಆವೃತ್ತಿಯ ಮೂಲಕ ಆಪಲ್ ಸಂಸ್ಥೆಯು ತನ್ನ ಕಡೆಯ ಲೋಪವನ್ನು ಸರಿಪಡಿಸಿತು. ಆದರೆ ತನ್ನ ಬಳಿ ಸಫಾರಿ ಇದೆಯೆಂದೇ ಅರಿಯದ ವ್ಯಕ್ತಿಗೆ ಇಂತಹ ಎಚ್ಚರಿಕೆ ತಲುಪಿದರೂ ಅದು ತನಗಲ್ಲವೆಂದೇ ಆತ ಭಾವಿಸುತ್ತಾನೆ.

ವಾಣಿಜ್ಯ ಪದವಿಯಲ್ಲಿ ಕರಾರು ಕಾನೂನು ಓದಿದವರಿಗೆ ಇಂಗ್ಲೆಂಡಿನ 1862ರ ಕುದುರೆ ಮೊಕದ್ದಮೆ ನೆನಪಿರಬಹುದು. ಉತ್ತರ ಬಾರದಿದ್ದರೆ ಕುದುರೆ ತನ್ನದೆಂದು ಭಾವಿಸುವುದಾಗಿ ಒಬ್ಬನು ಬರೆದಿದ್ದನು. ಮೌನವು ಸಮ್ಮತಿಯಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಮೊದಲೇ ಹಾಕಿದ ಸರಿ ಗುರುತು ಇಂತಹ ಮೌನವನ್ನೇ ಸಮ್ಮತಿಯಾಗಿ ಎಣಿಸುತ್ತದೆ. ನಮ್ಮ ದೇಶದಲ್ಲಿ 2020ನೇ ಸಾಲಿನ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, ಖರೀದಿಗೆ ಗ್ರಾಹಕರ ಸಮ್ಮತಿಯನ್ನು ಮೊದಲೇ ಗುರುತು ಹಾಕಿದ ಚೌಕಗಳ ಮೂಲಕ ದಾಖಲಿಸುವುದನ್ನು ನಿಷೇಧಿಸಿವೆ. ಹಣ ಕೊಡದೆ ಇಳಿಸಿಕೊಳ್ಳುವ ತಂತ್ರಾಂಶದ ವಿಷಯದಲ್ಲಿ ಮಾತ್ರ ಬಳಕೆದಾರರೇ ಪಟ್ಟಿಯನ್ನು ಓದಿ ನೋಡಬೇಕಾಗುತ್ತದೆ. ಈ ರೂಢಿ ಒಂದೇ ಸಂಸ್ಥೆಯದ್ದೂ ಅಲ್ಲ. ಹಿಂದೆ ಅಡೋಬಿ ಫ್ಲ್ಯಾಶ್ ಪ್ಲೇಯರ್‌ನೊಂದಿಗೆ ಗೂಗಲ್ ಕ್ರೋಮ್ ಬ್ರೌಸರನ್ನೂ, ಜಾವಾ ತಂತ್ರಾಂಶದೊಂದಿಗೆ ಆಸ್ಕ್ ಟೂಲ್‌ಬಾರ್ ಎಂಬುದನ್ನೂ ಇದೇ ರೀತಿ ನೀಡಲಾಗುತ್ತಿತ್ತು.

ಹೀಗೆಂದು ನವೀಕರಣಗಳನ್ನೇ ನಿಲ್ಲಿಸತಕ್ಕದ್ದಲ್ಲ. ಗುಂಡಿ ಒತ್ತುವ ಮುನ್ನ ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರನ್ನೂ ಓದಿ, ತಾವು ಬಳಸದ ತಂತ್ರಾಂಶದ ಎದುರಿನ ಗುರುತನ್ನು ತೆಗೆದುಹಾಕಿದರೆ ಸಾಕು.

ವಿಂಡೋಸ್‌ಗಾಗಿ ಸಫಾರಿಯ ಕೊನೆಯ ಆವೃತ್ತಿಯಾದ 5.1.7 ಬಂದದ್ದು 2012ರಲ್ಲಿ. ಆ ಬಳಿಕ ಅದಕ್ಕೆ ಯಾವುದೇ ಭದ್ರತಾ ದುರಸ್ತಿ ಬಂದಿಲ್ಲ. ಹಳೆಯ ವಿಂಡೋಸ್ ಗಣಕಯಂತ್ರದಲ್ಲಿ ಅದು ಇನ್ನೂ ಉಳಿದಿದ್ದರೆ ಅದರಲ್ಲಿ ಅರ್ಜಿ ಭರ್ತಿ ಮಾಡುವುದಾಗಲಿ, ಶುಲ್ಕ ಪಾವತಿಸುವುದಾಗಲಿ ಸೂಕ್ತವಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ತೆರೆದು, ಸಫಾರಿಯ ಹೆಸರನ್ನು ಆಯ್ಕೆ ಮಾಡಿ, ಅನ್‌ಇನ್‌ಸ್ಟಾಲ್ ಒತ್ತಿ ತೆಗೆದುಹಾಕಬಹುದು. ಇದರಿಂದ ಐಟ್ಯೂನ್ಸ್‌ನ ಕಾರ್ಯಕ್ಕೆ ಬಾಧಕವಿರುವುದಿಲ್ಲ.