ನಾಯಿ ಮಾರ್ಕಿನ ಕರಿ ಪೆಟ್ಟಿಗೆ

ಗ್ರಾಮಫೋನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಹಿತ್ತಾಳೆಯ ದೊಡ್ಡ ತುತ್ತೂರಿ. ಹೋಟೆಲಿನ ಲಾಬಿಯಲ್ಲಿ, ಮದುವೆ ಮಂಟಪದ ಅಲಂಕಾರದಲ್ಲಿ, ಸಿನಿಮಾ ಸೆಟ್ಟಿನಲ್ಲಿ ಎಲ್ಲೆಲ್ಲೂ ಅದೇ. ಆದರೆ 1920ರ ದಶಕದಿಂದೀಚೆಗೆ ನಮ್ಮ ಮನೆಗಳಲ್ಲಿ ಹಾಡಿದ ಎಷ್ಟೋ ಯಂತ್ರಗಳಿಗೆ ಹೊರಗೆ ಕಾಣುವ ತುತ್ತೂರಿಯೇ ಇರಲಿಲ್ಲ. ಅವು ಹಿಡಿಕೆ ಇದ್ದ, ಕರಿ ಬಟ್ಟೆ ಅಂಟಿಸಿದ ಮರದ ಪೆಟ್ಟಿಗೆಗಳು. ಮುಚ್ಚಿದರೆ ಊರಿಗೆ ಹೊರಟವರ ಸೂಟ್‌ಕೇಸು, ತೆರೆದರೆ ಸಂಗೀತ. ಈ ಲೇಖನ ಆ ಪೆಟ್ಟಿಗೆಗಳ ಬಗ್ಗೆ. ಹೆಚ್ಚಾಗಿ ಅವುಗಳೊಳಗಿನ ಒಂದೇ ಒಂದು ಭಾಗದ ಬಗ್ಗೆ.

ಇತಿಹಾಸ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಎಮಿಲ್ ಬರ್ಲಿನರ್ ಪೇಟೆಂಟ್ ಕೇಳಿದ್ದು 1887ರಲ್ಲಿ. 1902ರಲ್ಲಿ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ಹಿಡಿದುಕೊಂಡು ಹೋದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕೈಯಲ್ಲಿ ಹಿಡಿದು ಒಯ್ಯುವ ಪೆಟ್ಟಿಗೆಗೆ ಹೆಸರು ತಂದದ್ದು ಲಂಡನ್ನಿನ ಬಾರ್ನೆಟ್ ಸ್ಯಾಮ್ಯುಯೆಲ್ ಕಂಪನಿ 1914ರಲ್ಲಿ ಹೊರತಂದ ‘ಡೆಕ್ಕಾ’. ಮೊದಲ ಮಹಾಯುದ್ಧದ ಸೈನಿಕರು ಅದನ್ನು ಕಂದಕಗಳವರೆಗೆ ಹೊತ್ತೊಯ್ದರು. ಅದರ ಮುಚ್ಚಳದೊಳಗೆ ಲೋಹದ ಬೋಗುಣಿಯೊಂದಿದೆ. ದನಿ ಅದಕ್ಕೆ ಬಡಿದು ಕೇಳುವವರತ್ತ ತಿರುಗುತ್ತದೆ. ಬೋಗುಣಿ ಕಂಡರೆ ಡೆಕ್ಕಾ ಎಂದು ಊಹಿಸಬಹುದು, ಬಹುತೇಕ ಸರಿಯಾಗಿಯೇ ಇರುತ್ತದೆ.

ನಮ್ಮ ಕಡೆ ಜನರ ಬಾಯಲ್ಲಿ ಉಳಿದದ್ದು ಮಾತ್ರ ನಾಯಿ ಮಾರ್ಕು. ಆ ಮಾರ್ಕಿನ ಹಿಸ್ ಮಾಸ್ಟರ್ಸ್ ವಾಯ್ಸ್ (ಎಚ್‌ಎಂವಿ) ಕಂಪನಿಯ ಎರಡು ಮಾದರಿಗಳನ್ನು ಬೇರ್ಪಡಿಸಲು ಬಂದರೆ ಅರ್ಧ ವಿದ್ಯೆ ಬಂದಂತೆ. ಒಂದು 1925ರಲ್ಲಿ ಬಂದ 101. ಇನ್ನೊಂದು 1931ರಲ್ಲಿ ಅದರ ಜಾಗ ಹಿಡಿದ 102. ಈ 102 ಹೆಚ್ಚಿನ ಬದಲಾವಣೆ ಇಲ್ಲದೆ 1950ರ ದಶಕದ ಕೊನೆಯವರೆಗೂ ತಯಾರಾಯಿತು. ರೇಡಿಯೊ ಬಂತು, ವಿದ್ಯುತ್ ಗ್ರಾಮಫೋನ್ ಬಂತು, ಪ್ಲಾಸ್ಟಿಕ್ ತಟ್ಟೆಯೂ ಬಂತು. ಆದರೂ ಕರೆಂಟು ಕಾಣದ ಊರುಗಳಲ್ಲಿ ಕೀ ಕೊಟ್ಟು ಹಾಡಿಸುವ ಪೆಟ್ಟಿಗೆಗೆ ಬೇರೆ ಬದಲಿ ಇರಲಿಲ್ಲ.

ಎರಡೂ ದೂರದಿಂದ ಒಂದೇ. ಹತ್ತಿರ ಹೋದಾಗ ಮೊದಲು ನೋಡಬೇಕಾದ್ದು ಕೀ ಹಾಕುವ ತೂತು ಎಲ್ಲಿದೆ ಎಂದು. ಪೆಟ್ಟಿಗೆಯ ಮುಂಭಾಗದಲ್ಲಿದ್ದರೆ ಅದು ತೀರಾ ಮೊದಲ ವರ್ಷಗಳ 101. ಆಮೇಲಿನ 101ರಲ್ಲಿಯೂ 102ರಲ್ಲಿಯೂ ತೂತು ಬಲಮಗ್ಗುಲಿಗೆ ಸರಿಯಿತು. ಲೋಹದ ಭಾಗಗಳ ಹೊಳಪೂ ವಯಸ್ಸು ಹೇಳುತ್ತದೆ. ಹಳೆಯವು ತುಸು ಹಳದಿ ಬೆಚ್ಚಗಿನ ನಿಕ್ಕಲ್ ಲೇಪದವು, 1930ರ ಆಚೆಯವು ನೀಲಿ ಹೊಳಪಿನ ಕ್ರೋಮಿಯಂನವು. 102ರ ಮೂಲೆಯಲ್ಲಿ ಸೂಜಿಗಳನ್ನಿಡುವ ಪುಟ್ಟ ಗೂಡು ತಿರುಗಿ ಹೊರಗೆ ಬರುತ್ತದೆ. ಬಣ್ಣವನ್ನು ನೆಚ್ಚಿ ತೀರ್ಮಾನಿಸಬೇಡಿ. ಕರಿದೇ ಹೆಚ್ಚಾದರೂ ಕೆಂಪು, ನೀಲಿ, ಹಸಿರು ಪೆಟ್ಟಿಗೆಗಳನ್ನು ಕಂಪನಿಯೇ ಮಾಡಿದೆ. ಸಂಗ್ರಾಹಕರು ಅವಕ್ಕೆ ಹೆಚ್ಚು ಬೆಲೆ ಕೊಡುವುದರಿಂದ ಕರಿ ಪೆಟ್ಟಿಗೆಗೆ ಹೊಸ ಬಟ್ಟೆ ಹೊದಿಸಿ ಮಾರುವುದೂ ಉಂಟು.

ಇನ್ನು ನಾನು ಹೇಳಬೇಕೆಂದಿದ್ದ ಭಾಗಕ್ಕೆ ಬರುತ್ತೇನೆ: ಸೌಂಡ್ ಬಾಕ್ಸ್.

ಸೂಜಿಯನ್ನು ಹಿಡಿದುಕೊಂಡಿರುವ, ಅಂಗೈಯೊಳಗೆ ಅಡಗುವ ಆ ದುಂಡನೆಯ ಡಬ್ಬಿಯೇ ಯಂತ್ರದ ಗಂಟಲು. ಉಳಿದದ್ದೆಲ್ಲ ಅದಕ್ಕೆ ಸೇವೆ ಮಾಡುವ ವ್ಯವಸ್ಥೆ. ತಟ್ಟೆಯ ಗೆರೆಯಲ್ಲಿ ಸೂಜಿ ಎಡಕ್ಕೂ ಬಲಕ್ಕೂ ನಡುಗುತ್ತದೆ. ಆ ನಡುಕ ಒಂದು ಸಣ್ಣ ಸನ್ನೆಗೋಲಿನ ಮೂಲಕ ತೆಳುವಾದ ಪರದೆಯನ್ನು ಅಲುಗಿಸುತ್ತದೆ. ಪರದೆ ಅಲುಗಿದಾಗ ಹುಟ್ಟಿದ ಗಾಳಿಯ ಅಲೆ ಟೋನ್ ಆರ್ಮ್ ಎಂಬ ಟೊಳ್ಳು ತೋಳಿನೊಳಗೆ ಹರಿದು, ಪೆಟ್ಟಿಗೆಯಲ್ಲಿ ಅಡಗಿದ ಕೊಳವೆಯಲ್ಲಿ ಹಿಗ್ಗುತ್ತ ಹೊರಬೀಳುತ್ತದೆ. 102ರಲ್ಲಿ ಆ ಕೊಳವೆ ಕೀ ಕೊಟ್ಟು ಓಡಿಸುವ ಮೋಟಾರಿನ ಸುತ್ತ ಬಳಸಿಕೊಂಡು ಹೋಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಉದ್ದದ ದಾರಿ ಮಾಡಿದವರಿಗೆ ಕೈ ಮುಗಿಯಬೇಕು. ವಿದ್ಯುತ್ತಿಲ್ಲ, ವಾಲ್ವಿಲ್ಲ. ಸೂಜಿಯ ನಡುಕವೇ ಕೋಣೆಯನ್ನು ತುಂಬುತ್ತದೆ.

1925ರವರೆಗೆ ಹಾಡುವವರು ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಆ ವರ್ಷ ಮೈಕ್ರೋಫೋನಿನ ಮುದ್ರಣ ಬಂತು. ತಟ್ಟೆಯಲ್ಲಿ ತಂಬೂರಿಯ ಮಂದ್ರ, ಮೃದಂಗದ ಎಡದ ಗುಮುಕು ಇಳಿಯತೊಡಗಿದವು. ಹಳೆಯ ಸೌಂಡ್ ಬಾಕ್ಸುಗಳಿಗೆ ಅದನ್ನು ಹೊರತರಲು ಆಗಲಿಲ್ಲ. ಕಂಪನಿ ಹೊಸ ಡಬ್ಬಿಗಳನ್ನು ಒಂದೊಂದಾಗಿ ಮಾಡಿತು, ಒಂದೊಂದಕ್ಕೂ ಸಂಖ್ಯೆ ಕೊಟ್ಟಿತು. 101ರ ಮೇಲೆ ಸಾಮಾನ್ಯವಾಗಿ ಕಾಣುವುದು ನಂಬರ್ 4. ಅದರ ಪರದೆ ಅಭ್ರಕದ್ದು, ಬೆಳಕಿಗೆ ಹಿಡಿದರೆ ಪಾರದರ್ಶಕ. ಮೊದಲ 102ರ ಮೇಲೆ ಬಂದದ್ದು ನಂಬರ್ 16, ಆಮೇಲೆ 5ಬಿ. ಇವೆರಡರ ಪರದೆ ತೆಳು ಲೋಹದ್ದು. ಅಭ್ರಕದ ದನಿ ಮೃದು, ಮಧ್ಯಮ ಸ್ಥಾಯಿಯಲ್ಲಿ ಹಿತ. ಲೋಹದ್ದು ಗಟ್ಟಿ, ಮೇಲಿನ ಸ್ವರಗಳಿಗೆ ಚುರುಕು. ಒಂದೇ ತಟ್ಟೆಯನ್ನು ಎರಡರಲ್ಲೂ ಕೇಳಿದರೆ, ಲೋಹದ್ದರಲ್ಲಿ ಹಾಡುವವರು ಒಂದು ಹೆಜ್ಜೆ ಮುಂದೆ ಬಂದು ನಿಂತ ಹಾಗಾಗುತ್ತದೆ. ನನಗೆ ಹಾಡಿಗೆ ಅಭ್ರಕವೇ ಇಷ್ಟ, ನಾಟಕದ ಸಂಭಾಷಣೆಗೆ ಲೋಹ.

ಪೆಟ್ಟಿಗೆಯ ಸಂಖ್ಯೆಗೂ ಡಬ್ಬಿಯ ಸಂಖ್ಯೆಗೂ ತಾಳೆಯಾಗದಿದ್ದರೆ ನಕಲಿ ಎಂದು ಹೌಹಾರಬೇಕಿಲ್ಲ. 1931ರ 102ಕ್ಕೆ ಅಂಗಡಿಯವರೇ ಮುಂದೆ ಹೊಸ 5ಬಿ ಹಾಕಿಕೊಟ್ಟಿರಬಹುದು. ಅದೂ ಆ ಯಂತ್ರದ ಚರಿತ್ರೆಯೇ. ಅನುಮಾನಿಸಬೇಕಾದ್ದು ಲೋಹವನ್ನು. 1930ರ ದಶಕದ ಅನೇಕ ಭಾಗಗಳನ್ನು ಸತುವಿನ ಅಗ್ಗದ ಮಿಶ್ರಲೋಹದಲ್ಲಿ ಎರಕ ಹೊಯ್ದರು. ಅದು ವರ್ಷಗಳು ಕಳೆದಂತೆ ತಾನಾಗಿ ಊದಿಕೊಂಡು ಬಿರುಕು ಬಿಡುತ್ತದೆ; ಒಮ್ಮೆ ಬಿರುಕು ಬಿಟ್ಟರೆ ದುರಸ್ತಿ ಇಲ್ಲ. ಪರದೆಯ ಸುತ್ತ ಇರುವ ರಬ್ಬರ್ ಬಳೆಯೂ ಕಲ್ಲಾಗುತ್ತದೆ. ಒಡಕು ದನಿ ಕೇಳಿ ಯಂತ್ರವೇ ಕೆಟ್ಟಿತೆಂದು ಮಾರಿಬಿಡುವವರಿದ್ದಾರೆ. ರಬ್ಬರ್ ಬದಲಿಸಿದರೆ ಸಾಕಾಗಿರುತ್ತದೆ.

ಬೇರೆ ಹೆಸರುಗಳ ಪೆಟ್ಟಿಗೆಗಳೂ ಸಿಗುತ್ತವೆ. ಕೊಲಂಬಿಯಾದ ಪೆಟ್ಟಿಗೆಗಳು 101, 102ಕ್ಕೆ ಸರಿಸಾಟಿ. 1931ರಲ್ಲಿ ಎರಡೂ ಕಂಪನಿಗಳು ಇಎಂಐ ಆಗಿ ಒಂದಾದವು. ಹೆಸರೇ ಕೇಳದ ಮಾರ್ಕು ಕಂಡರೆ ಮೇಲಿನ ಹಲಗೆ ಬಿಚ್ಚಿ ಮೋಟಾರ್ ನೋಡಬೇಕು. ಇಂಗ್ಲೆಂಡಿನ ಗ್ಯಾರಾರ್ಡ್, ಸ್ವಿಟ್ಜರ್ಲೆಂಡಿನ ಥೊರೆನ್ಸ್, ಪೇಯಾರ್ ಇವರ ಮೋಟಾರುಗಳು ಎಷ್ಟೋ ಸಣ್ಣ ಮಾರ್ಕುಗಳ ಒಳಗೆ ಓಡಿವೆ. ಪೇಯಾರ್ ಕಂಪನಿ 1920ರ ದಶಕದಲ್ಲಿ ‘ಮಿಕಿಫೋನ್’ ಎಂಬ ಪುಟಾಣಿ ಯಂತ್ರವನ್ನೇ ಮಾಡಿತ್ತು. ಮಡಚಿದರೆ ದೊಡ್ಡದೊಂದು ಜೇಬುಗಡಿಯಾರದಂತಿರುವ ಅದನ್ನು ಕಂಡವರು ಹಾಡುತ್ತದೆಂದು ನಂಬುವುದಿಲ್ಲ.

ಹಾಡಿಸುವ ಕ್ರಮವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಪ್ರತಿ ಮಗ್ಗುಲಿಗೂ ಹೊಸ ಉಕ್ಕಿನ ಸೂಜಿ, ಜಿಪುಣತನ ಕೂಡದು. ಅರಗಿನ ತಟ್ಟೆಯೊಳಗೆ ಬೆರೆಸಿದ ಕಲ್ಲಿನ ಪುಡಿ ಸೂಜಿಯನ್ನೇ ಸವೆಸಿ ಗೆರೆಗೆ ಹೊಂದಿಸುತ್ತದೆ. ಸವೆದ ಸೂಜಿ ಎರಡನೆಯ ಮಗ್ಗುಲನ್ನು ಕೊರೆದು ಹಾಕುತ್ತದೆ. ವೇಗ ನಿಮಿಷಕ್ಕೆ 78 ಸುತ್ತು. ತಟ್ಟೆಯ ಅಂಚಿಗೆ ಚೀಟಿ ಸಿಕ್ಕಿಸಿ ಎಣಿಸಿದರೆ ತಿಳಿಯುತ್ತದೆ.

ನಮ್ಮ ದನಿಗಳು ಈ ಪೆಟ್ಟಿಗೆಗಳಿಗಾಗಿಯೇ ಮುದ್ರಣಗೊಂಡವು ಎಂಬುದನ್ನು ಮರೆಯಬಾರದು. ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳು ‘ಹುಬ್ಬಳ್ಳಿಯ ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ಲೇಬಲ್ಲಿನ ಮೇಲೆ ಬಂದವು. ಮಲ್ಲಿಕಾರ್ಜುನ ಮನ್ಸೂರರೂ ಹಾಡಿದರು. ಮೂರು ನಿಮಿಷ ಚಿಲ್ಲರೆಯಲ್ಲಿ ರಾಗವನ್ನು ಮುಗಿಸುವ ಆ ಬಿಗಿ, ಆ ಏರುಗತಿ, ಹತ್ತಂಗುಲದ ತಟ್ಟೆ ಹೇರಿದ ಶಿಸ್ತು.

ಈಗ ಆ ಪೆಟ್ಟಿಗೆಗಳ ಗತಿ ಏನಾಗಿದೆ ಎಂದರೆ, ಅವನ್ನು ಒಡೆಯುತ್ತಿದ್ದಾರೆ. ಸಂತೆ ಸಾಮಾನಿನ ಅಂಗಡಿಗಳಲ್ಲಿ ‘ಆಂಟಿಕ್’ ಎಂದು ಮಾರುವ ಹಿತ್ತಾಳೆ ತುತ್ತೂರಿಯ ಯಂತ್ರಗಳಲ್ಲಿ ಎಷ್ಟೋ ಇತ್ತೀಚೆಗೆ ನಮ್ಮ ದೇಶದಲ್ಲೇ ಜೋಡಿಸಿದವು. ಮರ ಹೊಸದು, ತುತ್ತೂರಿ ಹೊಸದು, ನಾಯಿಯ ಚಿತ್ರ ಹೊಸದು. ಒಳಗೆ ತಿರುಗುವ ಮೋಟಾರ್ ಮಾತ್ರ ಹಳೆಯದು, ಯಾವುದೋ ಪೆಟ್ಟಿಗೆಯಿಂದ ಕಿತ್ತದ್ದು. ಎಂಟು ಮೂಲೆಯ ಥಳಥಳಿಸುವ ಪೀಠ, ಒರಟು ಎರಕದ ತೋಳು, ಹೊಳೆಯುವ ಸ್ಟಿಕ್ಕರ್ ನಾಯಿ ಕಂಡರೆ ಅದು ಕೂಡಿಸಿದ್ದೆಂದು ತಿಳಿಯಿರಿ. ಅಂಥದೊಂದು ಹುಟ್ಟಬೇಕಾದರೆ ಸರಿಯಾಗಿ ಹಾಡುತ್ತಿದ್ದ ಒಂದು ಕರಿ ಪೆಟ್ಟಿಗೆ ಸಾಯಬೇಕು. ನೋಟಕ್ಕೆ ಅಷ್ಟೇನೂ ಚೆಂದವಿಲ್ಲದ ಕಾರಣಕ್ಕೇ ಅದು ಸಾಯುತ್ತಿದೆ ಎಂಬುದು ನನಗೆ ತೀರಾ ನೋವಿನ ಸಂಗತಿ.

ಸ್ಪ್ರಿಂಗಿಗೆ ಗ್ರೀಸು ಹಾಕಿ, ವೇಗವನ್ನು ಹದದಲ್ಲಿಡುವ ಗವರ್ನರಿನ ಮೂರು ಗುಂಡುಗಳನ್ನು ಸಮತೂಕಕ್ಕೆ ತರಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಅವರಿಗೆ ವಯಸ್ಸಾಗಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ನಿಮ್ಮ ಅಟ್ಟದ ಮೇಲೆ ಅಜ್ಜನ ಪೆಟ್ಟಿಗೆ ಇದ್ದರೆ ಗುಜರಿಯವನನ್ನು ಕರೆಯುವ ಮುನ್ನ ಒಮ್ಮೆ ಕೆಳಗಿಳಿಸಿ. ಸೌಂಡ್ ಬಾಕ್ಸಿನ ಹಿಂಬದಿಯ ಸಂಖ್ಯೆ ಓದಿ, ಯಾರು ಎಲ್ಲಿಂದ ತಂದದ್ದೆಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಮುಚ್ಚಳದೊಳಗೆ ಇಡಿ. ಮಾರಲೇಬೇಕಾದರೆ, ಇಡಿಯಾಗಿ ಕೊಳ್ಳುವವರಿಗೆ ಮಾರಿ.