ಅಡಿಟಿಪ್ಪಣಿಯೇ ಸಾಕ್ಷಿ: ಕಾನೂನು ಪ್ರಬಂಧ ಸಲ್ಲಿಸುವ ಮುನ್ನ

ಎಲ್‌ಎಲ್‌ಎಂ ಪ್ರಬಂಧ ಸಲ್ಲಿಸಲು ಆರು ದಿನ ಉಳಿದಿತ್ತು. ಬೈಂಡಿಂಗ್ ಅಂಗಡಿಯವರಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ಗೈಡ್ ಮೇಡಂ ಕರಡಿನ ಪುಟ ತಿರುವುತ್ತಾ ಒಂದು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟರು. "ಪುಟ್ಟಸ್ವಾಮಿ ತೀರ್ಪಿನಲ್ಲಿ ಹೀಗಿದೆ ಅಂತ ಬರೆದಿದ್ದೀಯಲ್ಲಮ್ಮ, ಎಲ್ಲಿದೆ ತೋರಿಸು."

ನನಗೆ ತೋರಿಸಲು ಆಗಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ ತೀರ್ಪು ಅದು. ಅರ್ಜಿದಾರರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಒಂಬತ್ತು ನ್ಯಾಯಮೂರ್ತಿಗಳು, ಆರು ಪ್ರತ್ಯೇಕ ಬರಹಗಳು, 547 ಪುಟ. ನಾನು ಬರೆದದ್ದು '(2017) 10 ಎಸ್‌ಸಿಸಿ 1' ಅಂತ ಮಾತ್ರ. ಇದರಲ್ಲಿ 10 ಸಂಪುಟದ ಸಂಖ್ಯೆ, 1 ತೀರ್ಪು ಆರಂಭವಾಗುವ ಪುಟ. ಪ್ಯಾರಾ ಸಂಖ್ಯೆ ಇಲ್ಲದಿದ್ದರೆ ಓದುಗ ಹುಡುಕುವುದೆಲ್ಲಿ? ಮನೆಗೆ ಬಂದು ತೀರ್ಪು ತೆರೆದಾಗ ಇನ್ನೂ ದೊಡ್ಡ ತಪ್ಪು ಕಂಡಿತು. ಇಡೀ ಪೀಠ ಹೇಳಿತೆಂದು ನಾನು ಬರೆದಿದ್ದ ಮಾತು ಒಬ್ಬ ನ್ಯಾಯಮೂರ್ತಿಯ ಪ್ರತ್ಯೇಕ ಬರಹದಲ್ಲಿತ್ತು. ಯಾರದೋ ಲೇಖನದ ಅಡಿಟಿಪ್ಪಣಿಯನ್ನು ಹಾಗೇ ಎತ್ತಿಕೊಂಡಿದ್ದೆ.

ಅಂಚು, ಅಕ್ಷರದ ಗಾತ್ರ, ಸಾಲಿನ ಅಂತರ ಇವೆಲ್ಲ ಶಿಸ್ತಿನ ವಿಷಯ. ನಿಮ್ಮ ವಿಶ್ವವಿದ್ಯಾಲಯದ ಸೂಚನೆಯಲ್ಲಿ ಇರುವಂತೆ ಮಾಡಿದರೆ ಸಾಕು. ಬೈಂಡಿಂಗ್‌ಗಾಗಿ ಎಡಗಡೆ ಅಂಚು ಸ್ವಲ್ಪ ಹೆಚ್ಚು ಬಿಡಿ, ಇಲ್ಲದಿದ್ದರೆ ಅಕ್ಷರಗಳು ಹೊಲಿಗೆಯೊಳಗೆ ಸೇರಿಕೊಳ್ಳುತ್ತವೆ. ಆದರೆ ಉಲ್ಲೇಖದ ವಿಷಯ ಹಾಗಲ್ಲ. ಕೋರ್ಟಿನಲ್ಲಿ ಸಾಕ್ಷಿ ಇಲ್ಲದ ಮಾತು ಹೇಗೆ ನಿಲ್ಲುವುದಿಲ್ಲವೋ, ಕಾನೂನು ಪ್ರಬಂಧದಲ್ಲಿ ಆಧಾರ ಇಲ್ಲದ ವಾಕ್ಯವೂ ನಿಲ್ಲುವುದಿಲ್ಲ.

ಇದೇ ತೀರ್ಪು ಇನ್ನೊಂದು ವರದಿಯಲ್ಲಿ 'ಎಐಆರ್ 2017 ಎಸ್‌ಸಿ 4161'. ಒಂದು ಅಧ್ಯಾಯದಲ್ಲಿ ಇದು, ಇನ್ನೊಂದರಲ್ಲಿ ಅದು ಬಂದರೆ ಓದುಗನಿಗೆ ಎರಡು ಬೇರೆ ಪ್ರಕರಣ ಅನ್ನಿಸುತ್ತದೆ. ಬ್ಲೂಬುಕ್, ಆಸ್ಕೋಲಾ, ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ ಪದ್ಧತಿ, ಯಾವುದಾದರೂ ಸರಿ, ಕಾಲೇಜು ಹೇಳಿದ ಒಂದನ್ನೇ ಕೊನೆಯವರೆಗೆ ಹಿಡಿಯಿರಿ. ಪ್ರಕರಣಗಳ ಪಟ್ಟಿಯನ್ನು ಕೊನೆಯ ರಾತ್ರಿಗೆ ಬಿಡದೆ ಮೊದಲ ದಿನದಿಂದಲೇ ಬೆಳೆಸುತ್ತಾ ಬನ್ನಿ.

ಇನ್ನು ಎಲ್ಲರಿಗೂ ಭಯ ಹುಟ್ಟಿಸುವ ಸಾಮ್ಯತೆ ವರದಿ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ 10ರಿಂದ 40ರ ನಡುವೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಕಾನೂನಿನ ಪಠ್ಯ, ಆಧಾರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ ಇವುಗಳನ್ನು ಲೆಕ್ಕದಿಂದ ಬಿಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಆದ್ದರಿಂದ ಸಂಖ್ಯೆ ನೋಡಿ ಗಾಬರಿಯಾಗಿ ಸೆಕ್ಷನ್ನಿನ ಪದಗಳನ್ನೇ ಬದಲಿಸಲು ಹೋಗಬೇಡಿ. 'ಮಾಡತಕ್ಕದ್ದು' ಎಂಬುದು 'ಮಾಡಬಹುದು' ಆದರೆ ಕಾನೂನೇ ಬದಲಾದಂತೆ. ಉದ್ಧರಣ ಚಿಹ್ನೆ ಹಾಕಿ, ಆಧಾರ ಕೊಡಿ, ಏನನ್ನು ಹೊರಗಿಟ್ಟು ಲೆಕ್ಕ ಹಾಕಿದ್ದಾರೆ ಅಂತ ಗ್ರಂಥಾಲಯದಲ್ಲಿ ಕೇಳಿ.

ಈಗ ಎಐ ಬಂದಿದೆ, ಕೇಳಿದರೆ ಪ್ರಕರಣಗಳನ್ನು ಸಾಲಾಗಿ ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 5,000 ಡಾಲರ್ ದಂಡ ಬಿತ್ತು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಕೂಡ 2024ರ ಕೊನೆಯಲ್ಲಿ ನೀಡಿದ ಆದೇಶವೊಂದನ್ನು ಹಿಂಪಡೆಯಬೇಕಾಯಿತು. ಅದರಲ್ಲೂ ಇಲ್ಲದ ತೀರ್ಪುಗಳಿದ್ದವು. ಹಾಗಿರುವಾಗ ವಿದ್ಯಾರ್ಥಿಗಳಾದ ನಾವು ಎಷ್ಟು ಹುಷಾರಾಗಿರಬೇಕು?

ಆ ಆರು ದಿನದಲ್ಲಿ ನಾನು 212 ಅಡಿಟಿಪ್ಪಣಿಗಳ ಮೂಲವನ್ನೂ ತೆರೆದು ನೋಡಿದೆ. ಒಂಬತ್ತು ತಪ್ಪಿದ್ದವು. ಎರಡಂತೂ ನನ್ನ ವಾದಕ್ಕೇ ವಿರುದ್ಧವಾಗಿದ್ದವು, ಒಂದು ಅಧ್ಯಾಯದ ಕೊನೆಯನ್ನು ಮತ್ತೆ ಬರೆಯಬೇಕಾಯಿತು. ಕೊನೆಯ ದಿನ ಮಧ್ಯಾಹ್ನ ಬೈಂಡಿಂಗ್ ಅಂಗಡಿಗೆ ಓಡಿದೆ. ರಟ್ಟಿನ ಮೇಲಿನ ಚಿನ್ನದ ಅಕ್ಷರ ಸ್ವಲ್ಪ ಓರೆಯಾಗಿತ್ತು. ವೈವಾದಲ್ಲಿ ಯಾರೂ ಅದರ ಬಗ್ಗೆ ಕೇಳಲಿಲ್ಲ. ಕೇಳಿದ್ದು ಪುಟ್ಟಸ್ವಾಮಿ ತೀರ್ಪಿನ ಬಗ್ಗೆ, ಈ ಸಲ ಪ್ಯಾರಾ ಸಂಖ್ಯೆ ಹೇಳಿದೆ.