ಮಗ್ಗದ ಸದ್ದು ಕೇಳಿಸುವ ಮ್ಯೂಸಿಯಂ

ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಾ? ಹಾಗಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಒಂದು ಸದ್ದು ಕೇಳಿಸ್ತೀನಿ.

(ಮಗ್ಗಗಳ ಸದ್ದು)

ಇದು ಮಿಲ್ಲಿನ ಸದ್ದು. ಆದ್ರೆ ಇದನ್ನ ರೆಕಾರ್ಡ್ ಮಾಡಿದ್ದು ಮ್ಯೂಸಿಯಂನಲ್ಲಿ. ಬೋಸ್ಟನ್‌ನಲ್ಲಿರೋ ಅಕ್ಕನ ಮನೆಗೆ ಹೋಗಿದ್ದಾಗ, ಒಂದು ದಿನ ನಾರ್ತ್ ಸ್ಟೇಷನ್‌ನಲ್ಲಿ ರೈಲು ಹತ್ತಿ ಲೋವೆಲ್ ಅನ್ನೋ ಊರಿಗೆ ಹೋದೆ. ಮುಕ್ಕಾಲು ಗಂಟೆ ದಾರಿ. ಅಲ್ಲಿ ಬೂಟ್ ಕಾಟನ್ ಮಿಲ್ಸ್ ಅನ್ನೋ ಹಳೇ ಬಟ್ಟೆ ಗಿರಣಿಯನ್ನೇ ಮ್ಯೂಸಿಯಂ ಮಾಡಿದ್ದಾರೆ.

ಮ್ಯೂಸಿಯಂ ಅಂದ್ರೆ ನಮಗೆ ನೆನಪಾಗೋದು ಗಾಜಿನ ಪೆಟ್ಟಿಗೆ, ‘ಮುಟ್ಟಬೇಡಿ’ ಅನ್ನೋ ಬೋರ್ಡು, ‘ಸಾಲಾಗಿ ಬನ್ನಿ’ ಅಂತ ಗದರೋ ಮೇಷ್ಟ್ರು. ಇಲ್ಲಿ ಒಳಗೆ ಹೋಗ್ತಿದ್ದ ಹಾಗೇ ಕಿವಿಗೆ ಇಟ್ಕೊಳ್ಳೋ ಪ್ಲಗ್ ಕೊಡ್ತಾರೆ. ನೇಯ್ಗೆ ಹಾಲ್‌ನಲ್ಲಿ 88 ಮಗ್ಗಗಳಿವೆ. ಒಂದು ಸಲಕ್ಕೆ ಕೆಲವನ್ನು ಮಾತ್ರ ಓಡಿಸುತ್ತಾರೆ. ಅಷ್ಟಕ್ಕೇ ನೆಲ ನಡುಗುತ್ತೆ. ಲಾಳಿ ಆ ಕಡೆಯಿಂದ ಈ ಕಡೆ ಬಡಿಯೋದು ಎದೆಗೇ ತಾಗಿದ ಹಾಗಿರುತ್ತೆ. ಅಲ್ಲಿ ನೇಯ್ದ ಬಟ್ಟೆಯನ್ನು ಅಲ್ಲೇ ಅಂಗಡಿಯಲ್ಲಿ ಮಾರ್ತಾರೆ.

ನಾನು ಒಂದು ಕಿವಿಯ ಪ್ಲಗ್ ತೆಗೆದು ನೋಡಿದೆ. ಐದು ನಿಮಿಷ ತಡೆಯೋಕಾಗಲಿಲ್ಲ. ಆಗ ನೆನಪಾಗಿದ್ದು ನಮ್ಮಜ್ಜ.

ಅಜ್ಜ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ಅದು. ಮನೇಲಿ ಅಜ್ಜ ಯಾವಾಗಲೂ ಕೂಗಿ ಮಾತಾಡೋರು. ನಾವು ಮಾತಾಡಿದ್ರೆ ಕಣ್ಣು ನಮ್ಮ ತುಟಿ ಮೇಲಿರೋದು. ‘ಅಜ್ಜನ ಸ್ಪೀಕರ್ ಆನ್ ಆಯ್ತು’ ಅಂತ ನಾವು ಮಕ್ಕಳು ನಗ್ತಿದ್ವಿ. ಅವರ ಕಿವಿ ಯಾಕೆ ಹಾಗಾಯ್ತು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಉತ್ತರ ಲೋವೆಲ್‌ನ ಆ ಹಾಲ್‌ನಲ್ಲಿ ಸಿಕ್ತು.

ಈಗ ಸ್ವಲ್ಪ ಇತಿಹಾಸ. ಆ ಕಾಲದಲ್ಲಿ ಬಟ್ಟೆ ಯಂತ್ರಗಳ ಗುಟ್ಟು ಹೊರಗೆ ಹೋಗಬಾರದು ಅಂತ ಬ್ರಿಟನ್ ಕಾನೂನು ಮಾಡಿತ್ತು. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಅನ್ನೋ ಅಮೆರಿಕದ ವ್ಯಾಪಾರಿ ಅಲ್ಲಿನ ಗಿರಣಿಗಳನ್ನು ಸುತ್ತಾಡಿ, ಮಗ್ಗದ ವಿನ್ಯಾಸವನ್ನು ತಲೆಯಲ್ಲೇ ಇಟ್ಟುಕೊಂಡು ಬಂದ. 1817ರಲ್ಲಿ ತೀರಿಕೊಂಡ. ಆಮೇಲೆ ಅವನ ಪಾಲುದಾರರು ಮೆರಿಮ್ಯಾಕ್ ನದಿಯ ದಡದಲ್ಲಿ ಗಿರಣಿಗಳ ಊರನ್ನೇ ಕಟ್ಟಿ ಅವನ ಹೆಸರಿಟ್ಟರು. ಕಾರಣ ನೀರು: ಅಲ್ಲಿ ನದಿ 32 ಅಡಿ ಕೆಳಕ್ಕೆ ಇಳಿಯುತ್ತೆ. ಆ ನೀರನ್ನು ಸುಮಾರು 9 ಕಿಲೋಮೀಟರ್ ಉದ್ದದ ಕಾಲುವೆಗಳಲ್ಲಿ ಹರಿಸಿ ಯಂತ್ರ ತಿರುಗಿಸಿದರು.

ಬೇಸಿಗೆಯಲ್ಲಿ ಹೋದ್ರೆ ಆ ಕಾಲುವೆಗಳಲ್ಲೇ ದೋಣಿ ಪ್ರವಾಸ ಇರುತ್ತೆ. ಇಂಜಿನಿಯರಿಂಗ್ ಓದ್ತಿರೋರು ಫ್ರಾನ್ಸಿಸ್ ಟರ್ಬೈನ್ ಬಗ್ಗೆ ಪರೀಕ್ಷೆಯಲ್ಲಿ ಬರೆದಿರ್ತೀರಿ. ಆ ಜೇಮ್ಸ್ ಫ್ರಾನ್ಸಿಸ್ ಇದೇ ಕಾಲುವೆಗಳ ಇಂಜಿನಿಯರ್ ಆಗಿದ್ದವನು. ಪುಸ್ತಕದ ಡಯಾಗ್ರಾಂ ಹಿಂದೆ ಒಂದು ಊರು, ಒಂದು ನದಿ ಇದೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಗಿರಣಿ ಪಕ್ಕದಲ್ಲೇ ಹೆಣ್ಣುಮಕ್ಕಳ ಬೋರ್ಡಿಂಗ್ ಮನೆ ಇದೆ. ಮೊದಲ ದಶಕಗಳಲ್ಲಿ ಇಲ್ಲಿ ದುಡಿದವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಯುವತಿಯರು. ಕಂಪನಿ ಮನೇಲಿ ಊಟ, ಕಂಪನಿ ಗಂಟೆಗೆ ಎದ್ದೇಳೋದು, ದಿನಕ್ಕೆ ಸುಮಾರು 13 ಗಂಟೆ ಕೆಲಸ. ನೂಲು ಒಣಗಿ ತುಂಡಾಗಬಾರದು ಅಂತ ಕಿಟಕಿ ಮುಚ್ಚೇ ಇಡೋರು. ಒಳಗೆ ಸೆಕೆ, ಹತ್ತಿ ಧೂಳು, ಜೊತೆಗೆ ಈಗ ಕೇಳಿಸಿದೆನಲ್ಲ, ಆ ಸದ್ದು.

ಅವರು ಸುಮ್ಮನಿರಲಿಲ್ಲ. 1834ರಲ್ಲಿ ಕೂಲಿ ಕಡಿತ ಮಾಡ್ತೀವಿ ಅಂದಾಗ ಸುಮಾರು 800 ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗೆ ಬಂದರು. ಆ ಸಲ ಸೋತರು. 1836ರಲ್ಲಿ ಮತ್ತೆ ಮುಷ್ಕರ ಮಾಡಿದರು. 1845ರಲ್ಲಿ ಸಾರಾ ಬ್ಯಾಗ್ಲಿ ಎಂಬ ಕಾರ್ಮಿಕಳ ಮುಂದಾಳತ್ವದಲ್ಲಿ ದಿನಕ್ಕೆ 10 ಗಂಟೆ ಕೆಲಸ ಸಾಕು ಅಂತ ಶಾಸನಸಭೆಗೆ ಅರ್ಜಿ ಕೊಟ್ಟು, ಅಲ್ಲೇ ನಿಂತು ಸಾಕ್ಷಿ ಹೇಳಿದರು. ಆಗ ಏನೂ ಆಗಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹೆಂಗಸರು, ಮಕ್ಕಳಿಗೆ 10 ಗಂಟೆಯ ಕಾನೂನು ಬಂದಿದ್ದು 1874ರಲ್ಲಿ.

ಇನ್ನೊಂದು ವಿಷಯವನ್ನೂ ಇಲ್ಲಿ ಮುಚ್ಚಿಡಲ್ಲ. ಈ ಗಿರಣಿಗಳಿಗೆ ಹತ್ತಿ ಬರ್ತಿದ್ದದ್ದು ದಕ್ಷಿಣದ ರಾಜ್ಯಗಳಿಂದ, ಗುಲಾಮರು ದುಡಿದ ಹೊಲಗಳಿಂದ. ಇಲ್ಲಿ ನೇಯ್ದ ಅಗ್ಗದ ಒರಟು ಬಟ್ಟೆ ವಾಪಸ್ ಹೋಗಿ ಅದೇ ಗುಲಾಮರ ಮೈಮೇಲೆ ಬೀಳ್ತಿತ್ತು. ಅದಕ್ಕೆ ‘ಲೋವೆಲ್ ಬಟ್ಟೆ’ ಅಂತಲೇ ಹೆಸರು. ಕೂಲಿಗಾಗಿ ಹೋರಾಡಿದ ಹುಡುಗಿಯ ಕೈಯಲ್ಲಿದ್ದ ನೂಲು, ಕೂಲಿಯೇ ಇಲ್ಲದೆ ದುಡಿದವರದು. ಯಂತ್ರ ನೋಡಿ ‘ವಾವ್’ ಅಂದವರು ಇದನ್ನೂ ಕೇಳಿಸ್ಕೊಂಡೇ ಹೊರಗೆ ಬರ್ತಾರೆ.

ಶಾಲಾ ಮಕ್ಕಳಿಗೆ ಇಲ್ಲೇ ಸೋಂಗಸ್ ಇಂಡಸ್ಟ್ರಿಯಲ್ ಹಿಸ್ಟರಿ ಸೆಂಟರ್ ಇದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕ್ಯಾಂಪಸ್ ಮತ್ತು ರಾಷ್ಟ್ರೀಯ ಉದ್ಯಾನ ಸಂಸ್ಥೆ ಸೇರಿ ನಡೆಸ್ತಾರೆ. ಮಕ್ಕಳು ಕೈಯಾರೆ ನೇಯ್ತಾರೆ, ಕಾಲುವೆ ಮಾದರಿ ಮಾಡಿ ನೀರು ಬಿಟ್ಟು ಚಕ್ರ ತಿರುಗಿಸ್ತಾರೆ. ಅಸೆಂಬ್ಲಿ ಲೈನ್‌ನಲ್ಲೂ ನಿಲ್ತಾರೆ. ಲೈನ್ ವೇಗ ಜಾಸ್ತಿ ಮಾಡಿದಾಗ ಕಾರ್ಮಿಕ ಸಂಘ ಯಾಕೆ ಬೇಕಾಯ್ತು ಅಂತ ಯಾರೂ ಬಿಡಿಸಿ ಹೇಳಬೇಕಾಗಲ್ಲ.

ಇಷ್ಟೆಲ್ಲ ತಾನಾಗೇ ಉಳಿದದ್ದಲ್ಲ. 1950ರ ದಶಕದ ಹೊತ್ತಿಗೆ ಬೂಟ್ ಗಿರಣಿಯೂ ಮುಚ್ಚಿತ್ತು, ಊರು ಸೊರಗಿತ್ತು. ಕೆಡವಿ ಹಾಕೋದು ಸುಲಭವಿತ್ತು. ಉಳಿಸ್ಬೇಕು ಅಂತ ಊರವರು ಪಟ್ಟು ಹಿಡಿದರು. 1978ರಲ್ಲಿ ಅಮೆರಿಕದ ಸಂಸತ್ತು ಇಲ್ಲಿನ ಗಿರಣಿ, ಕಾಲುವೆಗಳನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಅಂತ ಘೋಷಿಸಿತು.

ದಾವಣಗೆರೆಯ ಹತ್ತಿ ಮಿಲ್ಲುಗಳೂ ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮಜ್ಜ ಈಗಿಲ್ಲ. ಲೋವೆಲ್‌ನ ಮಗ್ಗದ ಸದ್ದು ನನ್ನ ಫೋನಲ್ಲಿದೆ, ಅಜ್ಜನ ದನಿ ಇಲ್ಲ. ಪಾಳಿ ಎಷ್ಟು ಗಂಟೆಗೆ ಶುರುವಾಗ್ತಿತ್ತು, ಮೊದಲ ಸಂಬಳ ಎಷ್ಟು, ಆ ಗದ್ದಲದಲ್ಲಿ ಪಕ್ಕದವರ ಜೊತೆ ಹೇಗೆ ಮಾತಾಡ್ತಿದ್ರು, ಯಾವುದನ್ನೂ ಕೇಳಿಟ್ಟುಕೊಳ್ಳಲಿಲ್ಲ.

ನಿಮ್ಮ ಮನೇಲಿ ಮಿಲ್ಲು, ಗಣಿ, ಫ್ಯಾಕ್ಟರಿ, ಬೀಡಿ, ರೇಷ್ಮೆ, ಯಾವ ಕೆಲಸ ಮಾಡಿದ ಹಿರಿಯರಿದ್ದರೂ ಸರಿ, ಈ ಭಾನುವಾರ ಪಕ್ಕದಲ್ಲಿ ಕೂತು ರೆಕಾರ್ಡರ್ ಆನ್ ಮಾಡಿ. ಮೇಲೆ ಹೇಳಿದ ಮೂರು ಪ್ರಶ್ನೆಯಿಂದಲೇ ಶುರು ಮಾಡಿ. ಅವರು ಕೂಗಿ ಮಾತಾಡಿದ್ರೆ ನಗಬೇಡಿ, ಮೈಕ್ ಸ್ವಲ್ಪ ದೂರ ಇಡಿ.

ಮತ್ತೆ ಸಿಗೋಣ.